ನಾನು ಆರೋಗಣೆ ಮಾಡಿದೆ

ಬೆಂದ ಸೋಯಾ ಕಾಳನ್ನು ಮೊರದಲ್ಲಿ ಹರಡಿ ಅರ್ಧ ಗಂಟೆಯಾಗಿತ್ತು. ಮುರ್ತಿನಿ ಕೈಯ ಹಿಂಬದಿಯನ್ನು ಕಾಳಿನ ಮೇಲಿಟ್ಟು ನೋಡಿದಳು. ಇನ್ನೂ ಬಿಸಿ. ಬಿಸಿಯಲ್ಲಿ ಹೆಪ್ಪಿನ ಪುಡಿ ಉದುರಿಸಿದರೆ ಕಾಳು ಹುದುಗಿ ಗಟ್ಟಿ ತೆಂಪೆ ಬಿಲ್ಲೆಯಾಗಿ ಕಟ್ಟುವುದಿಲ್ಲ, ಎರಡು ದಿನ ಕಾದ ಮೇಲೆ ಎಲೆ ಬಿಚ್ಚಿದರೆ ನಾರುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳಿಗೆ ಕಾಳಿನ ಬಿಸಿ ಆರುವವರೆಗೆ ಸುಮ್ಮನೆ ಕೂರುವುದು ಗೊತ್ತಿತ್ತು. ಬಾಳೆಲೆಯನ್ನು ಅಂಗೈಯಗಲದ ಚೌಕಗಳಾಗಿ ಸೀಳುತ್ತಾ ಕುಳಿತಳು.

ಆಗ ತಮ್ಮ ತೇಜೋ ಬಂದ. ಕಾರು ಈ ಗಲ್ಲಿಗೆ ಹಿಡಿಸುವುದಿಲ್ಲವಾದ್ದರಿಂದ ಮುಖ್ಯ ರಸ್ತೆಯಿಂದ ನಡೆದೇ ಬಂದಿದ್ದ. ಎರಡು ಕಡೆಯ ಮನೆಗಳವರಿಗೂ ಕೈಮುಗಿಯುತ್ತಾ, ಗೆದ್ದ ಅಭ್ಯರ್ಥಿಯ ಹಾಗೆ ಬಿಳಿ ಅಂಗಿಯಲ್ಲಿ. ಹಿಂದೆ ಮೊಬೈಲ್ ಎತ್ತಿ ಹಿಡಿದುಕೊಂಡು ಅವನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಕಿನಾಂತಿ ಎಂಬ ಹುಡುಗಿ.

ಬಾಗಿಲಲ್ಲಿ ನಿಂತು ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಮ್ಬಾಕ್, ಈ ವಾಸನೆ! ನನ್ನ ಇಡೀ ಬಾಲ್ಯ ಈ ವಾಸನೇಲಿದೆ."

"ಅದು ಮೋರಿ, ಲೇ. ನಿನ್ನೆಯಿಂದ ಕಟ್ಕೊಂಡಿದೆ," ಅಂದಳು ಮ್ಬಾಕ್, ಅಂದರೆ ಅಕ್ಕ.

ಹುಡುಗಿ ನಕ್ಕುಬಿಟ್ಟಳು. ತೇಜೋ ನಗಲಿಲ್ಲ. ಅವನಿಗೆ ಈಗ ನಲವತ್ತೊಂಬತ್ತು. ಜಕಾರ್ತಾದಲ್ಲಿ ಹೆಸರು ಮಾಡಿದ ನಟ. ಎರಡು ವರ್ಷವಾಗಿತ್ತು ಜಾವಾದ ಈ ಸೋಲೊ ಊರಿಗೆ ಬಂದು. ರಂಜಾನ್ ಮುಗಿದ ಹಬ್ಬಕ್ಕೂ ಬಂದಿರಲಿಲ್ಲ, ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗಲೂ ಬಂದಿರಲಿಲ್ಲ. ಈಗ ಬಂದಿದ್ದು ತನ್ನ ಏಕವ್ಯಕ್ತಿ ಪ್ರದರ್ಶನಕ್ಕೆ. 'ಇಬುವಿನ ಮಡಿಲು' ಎಂದು ಅದರ ಹೆಸರು. ಊರ ತುಂಬ ಅಂಟಿಸಿದ್ದ ಭಿತ್ತಿಪತ್ರದಲ್ಲಿ ಇಬು ಇರಲಿಲ್ಲ, ಮಡಿಲೂ ಇರಲಿಲ್ಲ. ತೇಜೋನ ಮುಖವಿತ್ತು, ಕೆನ್ನೆಯ ಮೇಲೆ ಒಂದು ಹನಿ ಇತ್ತು.

ಇಬು ಎಂದರೆ ಓದಿದವರ ಮನೆಯ ಅಮ್ಮ. ಈ ಮನೆಯ ಮಕ್ಕಳು ಹುಟ್ಟಿದಾಗಿನಿಂದ ಕರೆದದ್ದು ಸಿಂಬೊಕ್ ಎಂದು, ಬಡವರ ಮನೆಯಲ್ಲಿ ಕರೆಯುವ ಹಾಗೆ. ರೈಲು ಹತ್ತಿ ಜಕಾರ್ತಾ ಸೇರುವಷ್ಟರಲ್ಲಿ ಸಿಂಬೊಕ್ ಹೇಗೋ ಇಬು ಆಗಿದ್ದಳು.

ಸಿಂಬೊಕ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಎಪ್ಪತ್ತೊಂಬತ್ತರ ಮುದುಕಿ, ಮಗನನ್ನು ಕಂಡದ್ದೇ ಬೊಚ್ಚುಬಾಯಿ ತೆರೆದು ನಕ್ಕಳು. ತೇಜೋ ನೆಲಕ್ಕೆ ಮಂಡಿಯೂರಿ ಅವಳ ಮೊಣಕಾಲಿಗೆ ಹಣೆ ಒತ್ತಿದ. ಬಹಳ ಹೊತ್ತು ಒತ್ತಿದ. ಬೆನ್ನು ಒಂದೆರಡು ಸಲ ಅದುರಿತು.

"ಮಾಸ್ ತೇಜೋ, ಇನ್ನೊಂದ್ಸಲ ಮಾಡ್ತೀರಾ? ಕಿಟಕಿ ಬೆಳಕು ಅಡ್ಡ ಬಂತು," ಅಂದಳು ಕಿನಾಂತಿ.

ಅವನು ಎದ್ದು ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಮತ್ತೆ ಮಂಡಿಯೂರಿದ. ಬೆನ್ನು ಮತ್ತೆ ಅಷ್ಟೇ ಸಲ ಅದುರಿತು. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂದು ಹೇಳುವವರಿಗೆ, ಬೆಳಕು ನೋಡಿಕೊಂಡು ಅಳುವ ಗಂಡಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಳು ಮುರ್ತಿನಿ. ಕಾಳು ಆರಿತ್ತು. ಅವಳು ಹೆಪ್ಪು ಉದುರಿಸಿ ಕಲಸತೊಡಗಿದಳು.

ಅವನು ಬಂದ ಕಾರಣ ಚಹಾ ಕುಡಿಯುವಾಗ ಹೊರಬಿತ್ತು. ಶುಕ್ರವಾರ, ಭಾನುವಾರ ಎರಡು ಆಟ. ಭಾನುವಾರ ಕೊನೆಯಲ್ಲಿ ಸಿಂಬೊಕ್ ವೇದಿಕೆಗೆ ಬರಬೇಕು.

"ನಾನಾ?" ಎಂದಳು ಮುದುಕಿ. "ನಾನು ಬಂದು ಏನ್ ಮಾಡ್ಲಿ ಲೇ? ಕುಣೀಲಾ?"

"ಏನೂ ಮಾಡ್ಬೇಡಿ. ಬನ್ನಿ ಸಾಕು. ಬೇಕಿದ್ರೆ ಒಂದು ಮಾತು ಹೇಳಿ, ನಮಸ್ಕಾರ ಅಂತ."

ಸಿಂಬೊಕ್ ತಲೆ ಬಗ್ಗಿಸಿ ಹೆಗಲ ಬಟ್ಟೆಯ ಅಂಚು ಮಡಿಸುತ್ತಾ ಕುಳಿತಳು. ಬೇಡ ಅನ್ನುತ್ತಾಳೆ ಎಂದು ಮುರ್ತಿನಿ ಕಾದಳು. ನಾಲ್ಕು ಜನ ದೊಡ್ಡವರು ಸೇರಿದ ಕಡೆ ಅವಳು ಬಾಯಿ ತೆರೆದು ನಲವತ್ತಾರು ವರ್ಷವಾಗಿತ್ತು. ಮದುವೆಯಿರಲಿ, ಸಾವಿರಲಿ, ಶಾಲೆಯ ಮೇಷ್ಟರ ಮುಂದಿರಲಿ, "ಹೂಂ, ಹೌದು" ಬಿಟ್ಟು ಇನ್ನೊಂದು ಪದ ಆಡಿದವಳಲ್ಲ. ಆದರೆ ಈಗ ತಲೆಯೆತ್ತಿ, "ಆಗ್ಲಿ. ಹೇಳ್ತೀನಿ. ನಿನಗೋಸ್ಕರ ಒಂದ್ ಮಾತು ಹೇಳ್ತೀನಿ," ಅಂದಳು. ಮದುವೆ ಹೆಣ್ಣಿನ ಹಾಗೆ ಕೆಂಪಾದಳು.

*

ಶುಕ್ರವಾರ ಸಂಜೆ ನಾಲ್ಕಕ್ಕೆ ಆಟ. ಸಿಂಬೊಕ್‌ಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಮುರ್ತಿನಿ ಒಬ್ಬಳೇ ಹೋದಳು. ಕರೆದುಕೊಂಡು ಹೋಗುವ ಮೊದಲು ಏನಿದೆ ಎಂದು ನೋಡಬೇಕಿತ್ತು. ಸಂತೆಯಲ್ಲಿ ಹಣ್ಣನ್ನೂ ಅವಳು ಮೂಸದೆ ತರುವುದಿಲ್ಲ.

ಕಲಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಾಟಿಕ್ ಅಂಗಿಯ ಹಿರಿಯರು, ಅವರ ಹೆಂಡಂದಿರು. ವೇದಿಕೆಯ ಮೇಲೆ ಒಂದು ಒಲೆ. ಅದರೊಳಗೆ ಕೆಂಪು ಬಲ್ಬು ಉರಿಯುತ್ತಿತ್ತು. ತೇಜೋ ಒಂದು ಬಾಟಿಕ್ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರೆ ಇಬು, ತೆಗೆದರೆ ಮಗ.

"ಇಬುಗೆ ನಾನೊಬ್ಬನೇ," ಎಂದು ಶುರುವಾಯಿತು ಆಟ.

ಮುರ್ತಿನಿ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತಳು. ಐವತ್ತಾರು ವರ್ಷ ಬದುಕಿ, ಅನ್ನ ತಿಂದು, ಮೈ ಬೆಳೆಸಿಕೊಂಡು, ಮೂರನೇ ಸಾಲಿನಲ್ಲಿ ಒಂದು ಕುರ್ಚಿಯನ್ನು ತುಂಬಿ ಕೂತಿದ್ದ ತಾನು ಹುಟ್ಟಿಯೇ ಇಲ್ಲ ಎಂಬುದನ್ನು ಕೇಳಿಸಿಕೊಂಡಳು. ಸರಿ, ಮುಂದೆ ನೋಡೋಣ ಎಂದುಕೊಂಡಳು.

ಮುಂದೆ ಕತೆ ಬಂತು. ಇಬು ಒಲೆಯ ಮುಂದೆ ಕೂತು ಮಗನಿಗೆ ಕತೆ ಹೇಳುತ್ತಾಳೆ. ಅನ್ನದ ಮಡಕೆಯ ಮೇಲೆ ಮುನಿಸಿಕೊಂಡು ಮನೆ ಬಿಟ್ಟು ಹೋದ ಮುಚ್ಚಳದ ಕತೆ. ಮುರ್ತಿನಿಯ ಕೈ ತಾನಾಗಿಯೇ ಬಾಯಿಗೆ ಹೋಯಿತು. ಅದು ಅವಳ ಕತೆ. ಅಪ್ಪ ತೀರಿಕೊಂಡ ಮೇಲೆ ಸಿಂಬೊಕ್ ದೊಡ್ಡ ಮನೆಯೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಬಂದವಳಿಗೆ ಕತೆ ಹೇಳುವುದಿರಲಿ, ಕಾಲು ನೀಡುವ ಚೈತನ್ಯವಿರುತ್ತಿರಲಿಲ್ಲ. ಹಸಿದು ಅಳುವ ಐದು ವರ್ಷದ ತಮ್ಮನನ್ನು ಸೊಂಟಕ್ಕೇರಿಸಿಕೊಂಡು, ಮಡಕೆಯಲ್ಲಿ ಅನ್ನವಿಲ್ಲದಿರುವುದಕ್ಕೆ ಮುಚ್ಚಳವೇ ಕಾರಣ ಎಂದು ಹನ್ನೆರಡು ವರ್ಷದ ಅಕ್ಕ ಕಟ್ಟಿದ ಕತೆ ಅದು. ಆ ಕತೆಗೆ ಕೊನೆಯೇ ಇರಲಿಲ್ಲ. ಮುಚ್ಚಳ ನದಿ ದಾಟುವ ಮೊದಲೇ ಅವನು ನಿದ್ದೆ ಹೋಗುತ್ತಿದ್ದ.

ವೇದಿಕೆಯಲ್ಲಿ ಕೊನೆ ಇತ್ತು. ಮುಚ್ಚಳ ಮರಳಿ ಬಂದು ಮಡಕೆಯನ್ನು ತಬ್ಬಿ, "ಇಬು, ನೀನೇ ನನ್ನ ಮನೆ," ಎಂದಿತು. ಪಿಟೀಲು ಮೊಳಗಿತು. ಪಕ್ಕದ ಹೆಂಗಸು ಮೂಗು ಒರೆಸಿಕೊಂಡಳು.

ಆ ಮುಚ್ಚಳ ಮಾತೇ ಆಡ್ತಿರ್ಲಿಲ್ಲ ಕಣೋ, ಎಂದು ಮನಸ್ಸಿನಲ್ಲೇ ಅಂದಳು ಮುರ್ತಿನಿ. ಮುಚ್ಚಳಕ್ಕೆ ಎಲ್ಲಿದೆ ಬಾಯಿ?

ಇದನ್ನೂ ಅವಳು ನುಂಗಿಕೊಳ್ಳುತ್ತಿದ್ದಳು. ಕತೆಗೆ ಒಡೆಯರಿಲ್ಲ, ಯಾರ ಬಾಯಿಗೆ ಬಂದರೆ ಅವರದು. ಆದರೆ ಆಮೇಲೆ ಬಂದದ್ದು ಮದುವೆ.

ಜಾವಾ ಮಾತಿನಲ್ಲಿ ತಾನು ಉಣ್ಣುವುದಕ್ಕೆ ಒಂದು ಪದ, ದೊಡ್ಡವರು ಉಣ್ಣುವುದಕ್ಕೆ ಇನ್ನೊಂದು. ಮಲಗುವುದಕ್ಕೂ ಹಾಗೇ, ಬರುವುದಕ್ಕೂ ಹಾಗೇ. ಹುಟ್ಟುವಾಗಲೇ ದೊಡ್ಡ ಮನೆಯಲ್ಲಿ ಹುಟ್ಟಿದವರಿಗೆ ಇದು ಎದೆಹಾಲಿನ ಜೊತೆ ಬರುತ್ತದೆ. ಸಿಂಬೊಕ್ ಮದುವೆಗೆ ಮುಂಚೆ, ಹುಡುಗಿಯಾಗಿದ್ದಾಗ, ದೊಡ್ಡ ಮನೆಗೆ ಬಂದದ್ದು ಕಸ ಗುಡಿಸಲು. ಅಲ್ಲಿ ಅವಳಿಗೆ ಕಿವಿಗೆ ಬಿದ್ದದ್ದು "ಒಡತಿಯವರು ಆರೋಗಣೆ ಮಾಡಿದರು", "ಒಡತಿಯವರು ಪವಡಿಸಿದ್ದಾರೆ", "ಒಡೆಯರು ದಯಮಾಡಿಸಿದರು". ಮರ್ಯಾದೆಯ ಮಾತು ಎಂದರೆ ಇದೇ ಎಂದು ಅವಳು ಜೋಪಾನವಾಗಿ ಕಲಿತಳು. ಅರಮನೆಯ ಊಳಿಗದವರ ವಂಶದ ಗುಮಾಸ್ತನೊಬ್ಬ ಅವಳನ್ನು ಇಷ್ಟಪಟ್ಟು ಮದುವೆಯಾದ ಮೇಲೆ, ಅವನ ಕಡೆಯ ಮದುವೆಯೊಂದರಲ್ಲಿ ಯಾರೋ ಹಿರಿಯ ಹೆಂಗಸು, ಊಟವಾಯಿತೇನಮ್ಮ ಎಂದು ಕೇಳಿದಾಗ, ಇದ್ದಬದ್ದ ಮರ್ಯಾದೆಯನ್ನೆಲ್ಲ ನಾಲಿಗೆಗೆ ತಂದುಕೊಂಡು ಅವಳು ಹೇಳಿದಳು: "ನಾನು ಆಗಲೇ ಆರೋಗಣೆ ಮಾಡಿದೆ."

ಆ ಸಾಲಿಗೆ ಸಾಲೇ ನಕ್ಕಿತ್ತು. ತಿಂಡಿಯ ತಟ್ಟೆ ಹಿಡಿದು ನಿಂತಿದ್ದ ಹತ್ತು ವರ್ಷದ ಮುರ್ತಿನಿಗೆ, ಶಾಲೆಯಲ್ಲಿ ಕಲಿತಿದ್ದರಿಂದ, ಯಾಕೆಂದು ತಿಳಿಯಿತು. ಸಿಂಬೊಕ್‌ಗೆ ತಿಳಿಯಲಿಲ್ಲ. ಯಾರೂ ಹೇಳಲಿಲ್ಲ. ತಾನು ಬಾಯಿ ತೆರೆದರೆ ಜನ ನಗುತ್ತಾರೆ ಎಂಬುದಷ್ಟೇ ತಿಳಿಯಿತು. ಅವಳು ಬಾಯಿ ಮುಚ್ಚಿದಳು.

ಮುರ್ತಿನಿ ಇದನ್ನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದಳು. ಹೋದ ವರ್ಷ ತೇಜೋ ಮೂರು ತಿಂಗಳು ಬಿಡದೆ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ. ಸಿಂಬೊಕ್ ಆಗ ಹೇಗಿದ್ದಳು, ಈಗ ಹೇಗಿದ್ದಾಳೆ, ಅದು ಹೇಳು, ಇದು ಹೇಳು ಎನ್ನುತ್ತಿದ್ದ. ತಮ್ಮನಿಗೆ ವಯಸ್ಸಾಗುತ್ತಿದೆ, ಮನೆ ನೆನಪಾಗುತ್ತಿದೆ ಎಂದುಕೊಂಡು ಅವಳು ಕರಗಿ ಎಲ್ಲ ಹೇಳಿದ್ದಳು. ನಾಲ್ಕನೇ ತಿಂಗಳು ಫೋನು ನಿಂತಿತು. ಅಷ್ಟರಲ್ಲಿ ಅವನ ಚೀಲ ತುಂಬಿತ್ತು.

ಈಗ ವೇದಿಕೆಯ ಮೇಲೆ ತೇಜೋ ಬಟ್ಟೆಯನ್ನು ಹೆಗಲಿಗೆಳೆದುಕೊಂಡು, ಕುತ್ತಿಗೆ ಉದ್ದ ಮಾಡಿ, ಕೋಳಿಯ ಹಾಗೆ ಕಣ್ಣು ಬಿಟ್ಟು, ಕೀರಲು ದನಿಯಲ್ಲಿ ಅಂದ: "ನಾನು ಆಗಲೇ ಆರೋಗಣೆ ಮಾಡಿದೆ!"

ಭವನ ಗೊಳ್ಳೆಂದಿತು. ಅವನು ಕಾದ. ನಗು ಇಳಿಯುವ ಹೊತ್ತಿಗೆ ಇನ್ನೊಂದು ಎಸೆದ. "ಆಮೇಲೆ ಸ್ವಲ್ಪ ಪವಡಿಸಿದೆ!" ಮುಂದಿನ ಸಾಲಿನ ಹೆಂಡಂದಿರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅದೇ ನಗು. ಸಾಲೂ ಅದೇ, ಬರೀ ಒಡವೆ ಬೇರೆ.

ಪವಡಿಸಿದ್ದು ಅವನ ಸ್ವಂತ ಸೇರ್ಪಡೆ. ಸಿಂಬೊಕ್ ಹಾಗೆ ಅಂದಿರಲೇ ಇಲ್ಲ.

ಕೊನೆಗೆ ಇಬು ಮಗನ ತೋಳಿನಲ್ಲಿ ಸತ್ತಳು. ಚಪ್ಪಾಳೆ ಬಿತ್ತು. ಮುರ್ತಿನಿ ಕೈಯನ್ನು ಚೀಲದ ಮೇಲಿಟ್ಟುಕೊಂಡು ಕೂತಿದ್ದಳು.

*

ಬಣ್ಣದ ಕೋಣೆಯಲ್ಲಿ ತೇಜೋನ ಕುತ್ತಿಗೆಗೆ ಮಲ್ಲಿಗೆಯ ಮಾಲೆ ಬಿದ್ದಿತ್ತು. ಬಾಟಿಕ್ ಅಂಗಿಯ ಹಿರಿಯರೊಬ್ಬರು ಅವನ ಎರಡೂ ಕೈ ಹಿಡಿದುಕೊಂಡು ಶುದ್ಧ ಮರ್ಯಾದೆಯ ಜಾವಾ ಮಾತಿನಲ್ಲಿ, ಊರಿಗೆ ಯಾವಾಗ ಬಂದಿರಿ ಎಂದು ಕೇಳುತ್ತಿದ್ದರು. ತೇಜೋ ಸೊಂಟ ಬಗ್ಗಿಸಿ ವಿನಯವಾಗಿ, "ನಾನು ಮೊನ್ನೆ ತಾನೇ ದಯಮಾಡಿಸಿದೆ," ಎಂದ.

ಅದೇ ತಪ್ಪು, ಪದ ಮಾತ್ರ ಬೇರೆ. ಮುರ್ತಿನಿ ಕಾದಳು. ಯಾರೂ ನಗಲಿಲ್ಲ. ಹಿರಿಯರು ಅವನ ಬೆನ್ನು ತಟ್ಟಿ, ಜಕಾರ್ತಾದಲ್ಲಿದ್ದೂ ನಮ್ಮ ಮಾತು ಮರೆತಿಲ್ಲ ನೋಡಿ, ಎಂದು ಹೆಂಡತಿಗೆ ಹೇಳಿಕೊಂಡು ಹೋದರು. ಮಲ್ಲಿಗೆ ಹಾಕಿಕೊಂಡವನ ಬಾಯಲ್ಲಿ ತಪ್ಪೂ ಘಮಘಮ.

"ಹೇಗಿತ್ತು ಮ್ಬಾಕ್?"

"ಆ ಆರೋಗಣೆ ಮಾತು ಭಾನುವಾರ ಬೇಡ."

"ಅಯ್ಯೋ, ಅಲ್ಲೇ ತಾನೇ ಜನ ಇಬುನ ಪ್ರೀತ್ಸೋಕೆ ಶುರುಮಾಡೋದು?"

"ನಗ್ತಾರೆ."

"ಅದು ಪ್ರೀತಿಯ ನಗು."

"ನಿಂಗೇನ್ ಗೊತ್ತು? ಅವತ್ತು ನಿಂಗೆ ಮೂರು ವರ್ಷ. ಚಡ್ಡಿ ಒದ್ದೆ ಮಾಡ್ಕೊಂಡು ಮೇಜಿನ ಕೆಳಗೆ ಬಿದ್ಕೊಂಡಿದ್ದೆ."

ತೇಜೋ ಕನ್ನಡಿಯಲ್ಲಿ ನೋಡಿಕೊಂಡು ಹುಬ್ಬಿನ ಕಪ್ಪು ಒರೆಸಿದ. "ನೋಡು, ಸಿಂಬೊಕ್ ಪಕ್ಕದಲ್ಲೇ, ಪರದೆ ಹಿಂದೆ ಕೂತು ಎಲ್ಲ ಕೇಳಿಸ್ಕೋತಾರೆ. ಇಬು ಸಾಯ್ತಾರೆ, ಕತ್ತಲಾಗುತ್ತೆ, ದೀಪ ಬರುತ್ತೆ. ಬಂದ್ರೆ, ನಿಜವಾದ ಇಬು! ಜೀವಂತ! ಅವರ ಗಾಯಾನೂ ಅವತ್ತೇ ವಾಸಿಯಾಗುತ್ತೆ. ಅವರೂ ನಗ್ತಾರೆ ನೋಡ್ತಿರು."

"ಗಾಯ ಎಲ್ಲಿದೆ ಅಂತ ತೋರ್ಸಿ ವಾಸಿ ಮಾಡ್ತೀಯಾ?"

"ನಿಂಗೆ ರಂಗಭೂಮಿ ಅರ್ಥ ಆಗಲ್ಲ ಬಿಡು."

"ನಾನ್ಯಾಕಿಲ್ಲ ಅದ್ರಲ್ಲಿ?"

ಅವನಿಗೆ ಈ ಪ್ರಶ್ನೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ, ಉತ್ತರ ತಯಾರಿತ್ತು. "ಒಬ್ಬನೇ ಆಡೋ ಆಟ ಮ್ಬಾಕ್. ಇಬ್ಬರು ಮಕ್ಕಳಿದ್ರೆ ನೋವು ಹಂಚಿಹೋಗುತ್ತೆ."

"ಹೆದರ್ಬೇಡ ಲೇ," ಅಂದಳು ಮುರ್ತಿನಿ ಚೀಲ ಹೆಗಲಿಗೇರಿಸುತ್ತಾ. "ನೀನು ಯಾವತ್ತೂ ಹಂಚ್ಕೊಂಡಿಲ್ಲ."

ಅವನು ಅದನ್ನು ಆಶೀರ್ವಾದದಂತೆ ಸ್ವೀಕರಿಸಿ, ಮಾಲೆ ತೆಗೆದು ಅವಳ ಕೈಗಿಟ್ಟು, ಸಿಂಬೊಕ್‌ಗೆ ಕೊಡು ಎಂದ. ಹೊರಗೆ ಬಂದು ಅವಳು ಅದನ್ನು ಕಲಾಭವನದ ಗೇಟಿನ ಕಾವಲುಗಾರನ ಮೇಜಿನ ಮೇಲಿಟ್ಟಳು.

*

ಮನೆ ಸೇರುವಾಗ ಮಸೀದಿಯಲ್ಲಿ ಸಂಜೆಯ ಕರೆ ಮುಗಿದಿತ್ತು. ಸಿಂಬೊಕ್ ದೀಪ ಹಾಕಿಸಿಕೊಂಡು ಕಾಯುತ್ತಿದ್ದಳು.

"ಜನ ಬಂದಿದ್ರಾ?"

"ತುಂಬಿತ್ತು."

"ನನ್ನ ಬಗ್ಗೆ ಹೇಳ್ದಾ?"

"ನಿನ್ನ ಬಗ್ಗೇನೇ ಸಿಂಬೊಕ್."

"ಚೆನ್ನಾಗಿ ಹೇಳ್ದಾ?"

ಮುರ್ತಿನಿ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಕಾಲಿನಲ್ಲಿ ಅಷ್ಟೇನೂ ಕೊಳೆಯಿರಲಿಲ್ಲ. ಹಿಂದಿರುಗಿದಾಗ ಮುದುಕಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು, ಗೋಡೆಯನ್ನೇ ಸಭೆ ಮಾಡಿಕೊಂಡಿದ್ದಳು.

"ಕೇಳಿಲ್ಲಿ ನ್ದುಕ್, ಮಗಳೇ. ಎರಡು ದಿನದಿಂದ ಕಲ್ತಿದೀನಿ. ನೀನು ಶಾಲೆ ಕಲ್ತವಳು, ತಪ್ಪಿದ್ರೆ ಹೇಳು." ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದವನ್ನು ಗಾಜಿನ ಲೋಟದಂತೆ ಎತ್ತಿಡುತ್ತಾ ಹೇಳಿದಳು: "ಮಾನ್ಯರೇ, ಮಗ ಕರೆದನೆಂದು ನಾನು ತಮ್ಮ ಮುಂದೆ ದಯಮಾಡಿಸಿದ್ದೇನೆ. ತಮಗೆಲ್ಲ ನನ್ನ ನಮಸ್ಕಾರ."

ಹೇಳಿ ಮುಗಿಸಿ ಮಗಳ ಮುಖ ನೋಡಿದಳು.

ಒಂದು ಪದ ಬದಲಾಯಿಸಿದರೆ ಸಾಕಿತ್ತು. 'ಬಂದಿದ್ದೇನೆ' ಅನ್ನು ಸಿಂಬೊಕ್, ನಮಗೆ ನಾವು ಹಾಗೆ ಅನ್ನಬಾರದು. ಹೇಳುವುದಕ್ಕೆ ಒಂದು ನಿಮಿಷ ಹಿಡಿಯುವುದಿಲ್ಲ. ಆದರೆ ಸಿಂಬೊಕ್ ದಡ್ಡಿಯಲ್ಲ. ಆ ಪದ ಯಾಕೆ ತಪ್ಪು ಎಂದು ತಿಳಿದ ಮರುಗಳಿಗೆ ಅವಳು ನೇರ ಆ ಮದುವೆಯ ಚಪ್ಪರಕ್ಕೆ ಹೋಗಿ ನಿಲ್ಲುತ್ತಾಳೆ. ಆ ನಗು ಎಲ್ಲಿಂದ ಬಂತೆಂದು ಆಗ ಅವಳಿಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗಳಿಗೆ ಗೊತ್ತಿತ್ತು, ಆದರೂ ನಲವತ್ತಾರು ವರ್ಷ ಹೇಳಲಿಲ್ಲ ಎಂಬುದೂ.

"ಸರಿಯಾಗಿದೆ," ಅಂದಳು ಮುರ್ತಿನಿ.

"ಪೂರ್ತಿ?"

"ಪೂರ್ತಿ."

ಸಿಂಬೊಕ್ ಉಸಿರು ಬಿಟ್ಟಳು. ಆಮೇಲೆ, ಯಾರದೋ ಸುದ್ದಿ ಕೇಳುವವಳ ಹಾಗೆ, ಬೇರೆ ಕಡೆ ನೋಡುತ್ತಾ ಕೇಳಿದಳು: "ಮತ್ತೆ ಅವತ್ತು ಅವರು ಯಾಕೆ ನಕ್ಕಿದ್ದು?"

ಈ ಪ್ರಶ್ನೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಯಾವತ್ತು ಎಂದು ಮುರ್ತಿನಿಯೂ ಕೇಳಲಿಲ್ಲ.

"ಹಲ್ಲಿದ್ವು, ನಕ್ರು."

ಮುದುಕಿ ತನ್ನ ಬೊಚ್ಚುಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಮೈಯೆಲ್ಲ ಅಲುಗುವಂತೆ ನಕ್ಕಳು. "ಈಗ ಎಲ್ರುದೂ ಉದುರಿರುತ್ತೆ," ಅಂದಳು. "ಸಾದಿನಾನೂ ಬಂದಿದ್ರೆ ಚೆನ್ನಾಗಿತ್ತು. ಅವಳ ಮಂಡಿ ನೋವು ಹೇಗಿದೆಯೋ ಏನೋ. ಹೋದ ಸುಗ್ಗಿಯಿಂದ ನೋಡಿಲ್ಲ."

ಸಾದಿನಾ ಅವಳ ತಂಗಿ, ವೊನೊಗಿರಿಯ ಹಳ್ಳಿಯವಳು. ಅಲ್ಲಿ ಎಲ್ಲರ ನಾಲಿಗೆಯೂ ಇವಳದರಂತೆಯೇ. ಅತಿಥಿ ಬಂದಾಗ ಮರ್ಯಾದೆಯಲ್ಲಿ ಮುಳುಗಿ, ನಾನು ಆರೋಗಣೆ ಮಾಡಿದೆ, ನೀವು ತಿಂದ್ರಾ ಎಂದು ಕೇಳುವ ಊರು.

ಮೊಬೈಲ್ ಸದ್ದು ಮಾಡಿತು. ತೇಜೋನ ಸಂದೇಶ. ಭಾನುವಾರ ಮೂರಕ್ಕೆ ಕಾರು, ಹಸಿರು ಕೆಬಾಯಾ ರವಿಕೆ ತೊಡಿಸು, ಕಂದು ಬೇಡ, ದೀಪದಲ್ಲಿ ಕಂದು ಸಾಯುತ್ತೆ. ಮುರ್ತಿನಿ 'ಸರಿ' ಎಂದು ಬರೆದು ಕಳಿಸಿದಳು.

ಸಿಂಬೊಕ್‌ಳನ್ನು ಮಲಗಿಸಿ, ಸೊಳ್ಳೆಪರದೆ ಸಿಕ್ಕಿಸಿ, ಅವಳು ನಾಳೆಯ ಕಾಳು ತೊಳೆಯಲು ಕೂತಳು. ಸಿಪ್ಪೆ ನೀರಿನ ಮೇಲೆ ತೇಲಿ ಬರುತ್ತಿತ್ತು, ಅವಳು ಬಗ್ಗಿಸಿ ಚೆಲ್ಲುತ್ತಿದ್ದಳು. ವೊನೊಗಿರಿ ಕಡೆಗೆ ತೆಂಪೆ ಒಯ್ಯುವ ವ್ಯಾನು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಅದರಲ್ಲಿ ಗಾಲಿಕುರ್ಚಿ ಮಡಚಿ ಇಡುವಷ್ಟು ಜಾಗವಿದೆ. ಸಿಂಬೊಕ್‌ಗೆ ಏನಾದರೂ ಒಂದು ಹೇಳಬೇಕು, ಭವನದಲ್ಲಿ ಕರೆಂಟು ಹೋಯಿತೆಂದೋ, ತಂಗಿ ಹೇಳಿ ಕಳಿಸಿದಳೆಂದೋ. ಅವಳ ಮುಖ ಸಣ್ಣಗಾಗುತ್ತದೆ. ದಾರಿಯುದ್ದಕ್ಕೂ ಆ ಮುಖವನ್ನು ತಾನು ನೋಡಬೇಕಾಗುತ್ತದೆ. ಅದನ್ನು ನೆನೆದಾಗ ಮುರ್ತಿನಿಯ ಕೈ ನೀರಿನಲ್ಲೇ ನಿಂತಿತು. ಆಮೇಲೆ ಮತ್ತೆ ಉಜ್ಜತೊಡಗಿತು.

ತೇಜೋ ಭಾನುವಾರ ಖಾಲಿ ಜಾಗದ ಮೇಲೆ ದೀಪ ಬಿಡುತ್ತಾನೆ. ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ, ಎರಡನೇ ಕ್ಷಣಕ್ಕೆ ಆ ಖಾಲಿಯನ್ನೂ ಒಂದು ಕತೆ ಮಾಡುತ್ತಾನೆ, ಮೂರನೆಯದಕ್ಕೆ ಅಳುತ್ತಾನೆ. ಇನ್ನೂ ಜೋರಾಗಿ ಚಪ್ಪಾಳೆ ಬೀಳುತ್ತದೆ. ಬೀಳಲಿ.

"ಇನ್ನೂ ಮಲಗ್ಲಿಲ್ವಾ ನ್ದುಕ್? ಏನ್ ಯೋಚ್ನೆ?" ಪರದೆಯೊಳಗಿಂದ ಸಿಂಬೊಕ್ ಕೇಳಿದಳು.

"ಏನಿಲ್ಲ. ಕಾಳು ತೊಳೀತಿದೀನಿ," ಅಂದಳು ಮುರ್ತಿನಿ.